ಅಜ್ಜಿಯ ಹಾಡು, ಅಟ್ಟದ ಓಲೆಗರಿ, ಊರ ಆಚರಣೆ: ಡಿಜಿಟಲ್ ಆಗಿ ಉಳಿಸಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡುವು ಸಿಕ್ಕಾಗಲೆಲ್ಲ ಹಳ್ಳಿಗಳಿಗೆ ಹೋಗಿ ಹಾಡು, ಕಥೆ, ಶಾಸ್ತ್ರಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಹಲವು ವರ್ಷಗಳ ಅಭ್ಯಾಸ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪತ್ರ ಬರೆದು, ರಾತ್ರಿ ಹತ್ತಕ್ಕೆ ಫೋನ್ ಮಾಡಿ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

## ಈಗಷ್ಟೇ ಶುರು ಮಾಡುವವರಿಗೆ

ನಮ್ಮಜ್ಜಿಗೆ 84 ವರ್ಷ, ತುಂಬಾ ಹಾಡು ಬರ್ತವೆ. ನನ್ ಹತ್ರ ಮೊಬೈಲ್ ಬಿಟ್ರೆ ಏನೂ ಇಲ್ಲ. ಸಾಕಾ?

ಧಾರಾಳ ಸಾಕು. ಒಳ್ಳೆಯ ಮೈಕ್ ತಗೊಂಡ ಮೇಲೆ ಮಾಡೋಣ ಅಂತ ಕಾದವರಲ್ಲಿ ಎಷ್ಟೋ ಜನಕ್ಕೆ ಮೈಕ್ ಬಂತು, ಅಜ್ಜಿ ಇರಲಿಲ್ಲ. ಈ ವಾರವೇ ಕೂತುಕೊಳ್ಳಿ.

ನಾಲ್ಕು ವಿಷಯ ನೋಡಿಕೊಂಡರೆ ಮೊಬೈಲಿನಲ್ಲೇ ಚೆನ್ನಾಗಿ ಬರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಹಾಡಿನ ನಡುವೆ ಯಾರಾದರೂ ಕರೆ ಮಾಡುತ್ತಾರೆ. ಫ್ಯಾನ್, ಟಿವಿ, ಆಗುವುದಾದರೆ ಫ್ರಿಜ್ ಕೂಡ ಆರಿಸಿ. ನಮ್ಮ ಕಿವಿ ಫ್ಯಾನಿನ ಸದ್ದನ್ನು ಮರೆತುಬಿಡುತ್ತದೆ, ಮೈಕ್ ಮರೆಯುವುದಿಲ್ಲ. ಫೋನನ್ನು ನೆಲದ ಮೇಲೆ ಇಡದೆ ಮಡಿಸಿದ ಟವಲಿನ ಮೇಲೆ, ಅಜ್ಜಿಯ ಬಾಯಿಂದ ಒಂದು ಮೊಳ ದೂರದಲ್ಲಿ, ಚಾರ್ಜರ್ ಚುಚ್ಚುವ ತುದಿ ಅವರ ಕಡೆಗೆ ಇರುವಂತೆ ಇಡಿ. ಬಹುಪಾಲು ಫೋನುಗಳಲ್ಲಿ ಮೈಕ್ ಇರುವುದು ಅಲ್ಲೇ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕೇಳಿ ನೋಡಿ, ಆಮೇಲೆ ಮುಂದುವರಿಯಿರಿ.

ಹಾಡು ಶುರುವಾಗುವ ಮೊದಲು ನಿಮ್ಮ ದನಿಯಲ್ಲೇ ತಾರೀಕು, ಊರು, ಹಾಡುವವರ ಹೆಸರು ಹೇಳಿಬಿಡಿ. ಫೈಲಿನ ಹೆಸರು ಹತ್ತು ಸಲ ಬದಲಾಗಬಹುದು, ಒಳಗೆ ಹೇಳಿದ ಮಾತು ಅಲ್ಲೇ ಇರುತ್ತದೆ.

ಯೂಟ್ಯೂಬಲ್ಲಿ ಎಲ್ಲಾ ಸಿಗುತ್ತಲ್ಲ, ಮತ್ಯಾಕೆ ನಾವು ಕಷ್ಟ ಪಡ್ಬೇಕು?

ಅಲ್ಲಿ ಸಿಗುವುದು ಸ್ಟುಡಿಯೋದಲ್ಲಿ ಕೀಬೋರ್ಡ್ ಹಾಕಿ ಹಾಡಿದ ಸೋಬಾನೆ. ನಿಮ್ಮ ಮನೆಯ ಹಸೆಗೆ ಕರೆಯುವ ಹಾಡಿನಲ್ಲಿ ನಿಮ್ಮ ಊರ ಕೆರೆ, ನಿಮ್ಮ ಕುಲದೇವರು, ಎಷ್ಟೋ ಸಲ ನಿಮ್ಮ ಮುತ್ತಜ್ಜನ ಹೆಸರೇ ಇರುತ್ತದೆ. ಅದನ್ನು ಬೇರೆ ಯಾರೂ ಹಾಕುವುದಿಲ್ಲ.

ಕೊಡಗಿನ ಉದಾಹರಣೆ ನನಗೆ ಯಾವಾಗಲೂ ನೆನಪಾಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಆ ಕಾಲದಲ್ಲಿ ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ. ನೂರು ವರ್ಷ ಕಳೆದರೂ ಮದುವೆಯ ಪಾಟ್‌ನ (ಹಾಡಿನ) ಸಾಲು ಬೇಕಾದವರು ಅದನ್ನು ತೆರೆಯುತ್ತಾರೆ. ಆದರೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಪೆಟ್ಟು, ಎಳೆದು ಹಾಡುವ ರೀತಿ, ಉಸಿರು ನಿಲ್ಲಿಸುವ ಜಾಗ ಇವನ್ನು ಕಾಗದ ಹಿಡಿಯಲಾರದು. ಅವರಿಗೆ ಸಿಗದಿದ್ದ ಆ ಸಾಧನ ಇವತ್ತು ನಮ್ಮ ಜೇಬಿನಲ್ಲಿದೆ.

ಏನೇನು ದಾಖಲಿಸ್ಬೇಕು? ಎಲ್ಲಿಂದ ಶುರು ಮಾಡೋದು ಅಂತಾನೇ ತಿಳೀತಿಲ್ಲ.

ಒಬ್ಬರಿಗೆ ಮಾತ್ರ ಗೊತ್ತಿರುವುದರಿಂದ. ಗೌರಿ ಹಬ್ಬದ ಆರತಿ ಹಾಡು ಮನೆಯಲ್ಲಿ ಐದು ಜನಕ್ಕೆ ಬರುತ್ತಿದ್ದರೆ ಅದು ಮುಂದಿನ ವರ್ಷಕ್ಕೂ ಕಾಯುತ್ತದೆ. ನಿಮ್ಮ ದೊಡ್ಡಪ್ಪನಿಗೊಬ್ಬರಿಗೇ ಗೊತ್ತಿರುವ ಊರಹಬ್ಬದ ಕ್ರಮ, ಯಾವ ಮನೆಯವರು ಯಾವ ಕೆಲಸ ಮಾಡಬೇಕು, ಕಳಶದ ನೀರು ಯಾವ ಬಾವಿಯದ್ದು, ಇವು ಕಾಯುವುದಿಲ್ಲ. ಹಾಡು, ಕುಣಿತ ಎಲ್ಲರ ಕಣ್ಣಿಗೆ ಬೀಳುತ್ತವೆ. ನೈವೇದ್ಯಕ್ಕೆ ಅಕ್ಕಿ ಎಷ್ಟು ಸೇರು, ಹಸೆ ಚಿತ್ತಾರಕ್ಕೆ ಕೆಂಪು ಬಣ್ಣ ಯಾವ ಮಣ್ಣಿನಿಂದ, ಪುಂಡಿನಾರಿನ ಕುಂಚ ಹೇಗೆ ಜಜ್ಜಿ ಮಾಡುತ್ತಾರೆ, ಇಂಥದ್ದನ್ನು ಯಾರೂ ಕೇಳುವುದೇ ಇಲ್ಲ.

## ಹಾಡು ಮತ್ತು ಮಾತು

ಹಾಡಿ ಅಂದ್ರೆ “ನಂಗೇನ್ ಬರುತ್ತಪ್ಪ, ಎಲ್ಲಾ ಮರೆತೋಯ್ತು” ಅಂತಾರೆ. ಏನ್ ಮಾಡೋದು?

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನನಗೂ ಹೀಗೇ ಆಯಿತು. ಎಂಬತ್ತು ದಾಟಿದ ಆ ತಾಯಿಗೆ ಬೀಸುವ ಪದ ಬರುತ್ತವೆ ಅಂತ ಊರೆಲ್ಲ ಹೇಳಿತ್ತು. ಕುರ್ಚಿಯಲ್ಲಿ ಕೂರಿಸಿದೆವು, ಮುಂದೆ ಫೋನ್ ಇಟ್ಟೆವು. ಎರಡು ಸಾಲು ಹಾಡಿ ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ಅದೇ ಜಾಗದಲ್ಲಿ ನಿಂತರು. “ವಯಸ್ಸಾಯ್ತು ಕಣಪ್ಪ” ಅಂದರು. ಮುಖ ಸಪ್ಪಗಾಗಿತ್ತು.

ಅವರ ಸೊಸೆ ಅಡುಗೆ ಮನೆಯಿಂದಲೇ “ಕಲ್ಲಿಲ್ದೆ ಎಲ್ಲಿ ಬರುತ್ತೆ” ಅಂದರು. ಹಿತ್ತಲಿನಲ್ಲಿ ತುಳಸಿ ಗಿಡದ ಪಕ್ಕ ಮಣ್ಣು ಹಿಡಿದು ಬಿದ್ದಿದ್ದ ರಾಗಿಕಲ್ಲನ್ನು ಇಬ್ಬರು ಎತ್ತಿ ತಂದು ತೊಳೆದು ಜಗುಲಿ ಮೇಲೆ ಇಟ್ಟೆವು. ಗೂಟ ಸಡಿಲವಾಗಿತ್ತು, ಬಟ್ಟೆ ಸುತ್ತಿ ಬಿಗಿ ಮಾಡಿದರು. ಒಂದು ಹಿಡಿ ರಾಗಿ ಹಾಕಿ ಕಾಲು ಚಾಚಿ ಕೂತು ಕಲ್ಲು ತಿರುಗಿಸಿದರು. ಕಲ್ಲು ಮೂರು ಸುತ್ತು ಬರುವುದರೊಳಗೆ ಪದ ಬಂತು. ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಕಲ್ಲಿನ ಗರಗರ ಸದ್ದು ರೆಕಾರ್ಡಿಂಗಿನ ತುಂಬಾ ಇದೆ. ಅದನ್ನು ತೆಗೆಯಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ, ಏಕೆಂದರೆ ಆ ಸದ್ದೇ ಅವರಿಗೆ ತಾಳ.

ಹಾಗಾಗಿ ಹಾಡು ಯಾವ ಕೆಲಸದ ಜೊತೆ ಬಂದಿದೆಯೋ ಆ ಕೆಲಸ ಕೈಗೆ ಸಿಗುವಂತೆ ಮಾಡಿ. ತೊಟ್ಟಿಲ ಹಾಡಿಗೆ ತೊಟ್ಟಿಲು, ನಾಟಿ ಹಾಡಿಗೆ ಗದ್ದೆ, ಎಣ್ಣೆಶಾಸ್ತ್ರದ ಹಾಡಿಗೆ ಎಣ್ಣೆಬಟ್ಟಲು. ಇನ್ನೊಂದು ಉಪಾಯ, ಅವರ ವಾರಗೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸುವುದು. ಒಬ್ಬರು ಸಾಲು ಬಿಟ್ಟರೆ ಇನ್ನೊಬ್ಬರು ಎತ್ತಿಕೊಡುತ್ತಾರೆ.

ಎಂಪಿ3 ಸಾಕೋ, ವೇವ್ ಫೈಲೇ ಬೇಕೋ?

ಮೂಲ ಪ್ರತಿ ವೇವ್‌ನಲ್ಲಿ ಇರಲಿ, ಹಂಚುವ ಪ್ರತಿ ಎಂಪಿ3 ಆಗಲಿ. ಎಂಪಿ3 ಮಾಡುವಾಗ ಕೇಳಿಸದು ಅಂದುಕೊಂಡ ದನಿಯನ್ನು ಕತ್ತರಿಸಿ ಹಾಕುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಧ್ವನಿ ಸಂಗ್ರಹಾಲಯಗಳು ಸಾಮಾನ್ಯವಾಗಿ 48 ಕಿಲೋಹರ್ಟ್ಸ್, 24 ಬಿಟ್ ಇಡುತ್ತವೆ. ಆ ಲೆಕ್ಕದಲ್ಲಿ ಒಂದೇ ಮೈಕಿನ ಒಂದು ಗಂಟೆ ರೆಕಾರ್ಡಿಂಗಿಗೆ ಸುಮಾರು 520 ಎಂಬಿ ಬೇಕು, ಸ್ಟೀರಿಯೋ ಆದರೆ ಅದರ ಎರಡರಷ್ಟು. ಫೋನಿನ ಆ್ಯಪ್‌ನಲ್ಲಿ ವೇವ್ ಆಯ್ಕೆ ಇಲ್ಲದಿದ್ದರೆ ಇರುವುದರಲ್ಲೇ ಮೇಲ್ದರ್ಜೆಯ ಗುಣಮಟ್ಟ ಆರಿಸಿ ಮುಂದುವರಿಯಿರಿ.

ಫೋಟೋ, ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಓಲೆಗರಿಯ ಅಕ್ಷರ ಮಸುಕಾಗಿ ಓದಲಾರದಂತಾಗುತ್ತದೆ.

ಅಜ್ಜಿ ಹಾಡಿದ್ರಲ್ಲಿ ತಪ್ಪಿದೆ, ಪುಸ್ತಕದಲ್ಲಿ ಬೇರೆ ಥರ ಇದೆ. ಸರಿ ಮಾಡಿ ಬರೀಲಾ?

ದಯವಿಟ್ಟು ಬೇಡ. ಅವರು ಸೊಸೆಗೆ ‘ಸ್ವಾಸೆ’ ಅಂದರೆ ‘ಸ್ವಾಸೆ’ ಅಂತಲೇ ಬರೆಯಿರಿ. ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿ ಕಥೆಯನ್ನು ನೀಲಗಾರರು ಊರಿಂದ ಊರಿಗೆ ಬೇರೆ ಬೇರೆಯಾಗಿಯೇ ಹಾಡುತ್ತಾರೆ. ಯಾವುದೋ ಒಂದು ಅಚ್ಚಾಯಿತು ಎಂದ ಮಾತ್ರಕ್ಕೆ ಮಿಕ್ಕವು ತಪ್ಪಾಗುವುದಿಲ್ಲ.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳುವಿನ ಸಿರಿ ಮಹಾಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹೋಂಕೊ ಮತ್ತು ನಮ್ಮ ಕರಾವಳಿಯ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಅದನ್ನು ದಾಖಲಿಸಿಕೊಂಡರು. 15,683 ಸಾಲು. 1998ರಲ್ಲಿ ಅಚ್ಚಾಯಿತು. ಅಷ್ಟು ದೊಡ್ಡ ಕಾವ್ಯ ಬಂದದ್ದು ಹಾಡುವವರನ್ನು ಅವರ ಓಟಕ್ಕೆ ಬಿಟ್ಟದ್ದರಿಂದ. ನಡುವೆ “ಅಲ್ಲ, ಹಾಗಲ್ಲ” ಅಂದಿದ್ದರೆ ಕಾಲುಭಾಗವೂ ಬರುತ್ತಿರಲಿಲ್ಲ. ಅನುಮಾನವಿದ್ದರೆ ಪಕ್ಕದಲ್ಲಿ ಟಿಪ್ಪಣಿ ಹಾಕಿ, ಸಾಲನ್ನು ಮುಟ್ಟಬೇಡಿ.

ತಂದೆಯವರು ಎಷ್ಟೋ ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಭಜನೆಗಳು ಈಗ ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣಿಸ್ತವೆ. ಹಾಳಾಯ್ತಾ?

ಹಾಳಾಗಿಲ್ಲ. ಹಳೆಯ ನುಡಿ, ಬರಹ ಫೈಲುಗಳಲ್ಲಿ ಕನ್ನಡ ಕಾಣುತ್ತಿದ್ದದ್ದು ಆ ಫಾಂಟಿನಿಂದ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೊದಲು ಮೂಲ ಫೈಲಿನ ಪ್ರತಿ ತೆಗೆದಿಡಿ. ಆಮೇಲೆ ಆಸ್ಕಿ ಎಂಬ ಆ ಹಳೆಯ ಸಂಕೇತದಿಂದ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸುವ ಉಚಿತ ತಂತ್ರಾಂಶ ಬಳಸಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ, ಸಾಲು ಸಾಲಾಗಿ ಓದಿ ತಿದ್ದಬೇಕು. ಇನ್ನು ಮುಂದೆ ಏನೇ ಟೈಪ್ ಮಾಡಿದರೂ ಯೂನಿಕೋಡಿನಲ್ಲೇ ಮಾಡಿ. ಹಳಗನ್ನಡದ ಱ, ೞ ಕೂಡ ಅದರಲ್ಲಿವೆ.

## ಓಲೆಗರಿ, ಕಡತ, ಹಳೇ ಕಾಗದ

ಅಟ್ಟದಲ್ಲಿ ಓಲೆಗರಿ ಕಟ್ಟು ಸಿಕ್ಕಿದೆ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಫೋಟೋ ತೆಗೀಲಾ?

ಎಣ್ಣೆ ಡಬ್ಬಿ ಪಕ್ಕಕ್ಕೆ ಇಡಿ. ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ, ಹುಳ ಇರುವೆ ಕರೆಯುತ್ತದೆ. ಸಂಗ್ರಹಾಲಯದವರು ಸಿಟ್ರೊನೆಲ್ಲಾ ಎಣ್ಣೆ ಬಳಸುವುದು ನಿಜ, ಆದರೆ ಅದು ಗರಿಯ ಸ್ಥಿತಿ ನೋಡಿ ತಿಳಿದವರು ಮಾಡುವ ಕೆಲಸ.

ಮೊದಲ ಫೋಟೋ ಕಟ್ಟು ಬಿಚ್ಚುವ ಮುಂಚೆ, ಸಿಕ್ಕ ಜಾಗದಲ್ಲಿ ಸಿಕ್ಕ ಹಾಗೆಯೇ ತೆಗೆಯಿರಿ. ದಾರ ಗಟ್ಟಿಯಾಗಿದ್ದರೆ ಎಳೆಯಬೇಡಿ, ಗರಿಯ ತೂತು ಹರಿಯುತ್ತದೆ. ಗರಿಗಳು ಒಂದಕ್ಕೊಂದು ಅಂಟಿದ್ದರೆ ಬಿಡಿಸಲು ಹೋಗದೆ ಅಲ್ಲಿಗೇ ನಿಲ್ಲಿಸಿ. ಸಡಿಲವಾಗಿದ್ದರೆ ಕೈ ತೊಳೆದು ಒರೆಸಿಕೊಂಡು, ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದು, ಒಂದೊಂದೇ ಗರಿಯನ್ನು ಬಿಳಿ ಬಟ್ಟೆಯ ಮೇಲೆ ಇಡಿ. ಪಕ್ಕದಲ್ಲಿ ಒಂದು ಸ್ಕೇಲು. ಎರಡೂ ಬದಿ ತೆಗೆಯಿರಿ, ಬರಹ ಇಲ್ಲದ ಬದಿಯನ್ನೂ. ಎಡ ಅಂಚು ಕತ್ತರಿಸಿ ಹೋಗದಿರಲಿ, ಎಷ್ಟೋ ಕಟ್ಟುಗಳಲ್ಲಿ ಗರಿಯ ಸಂಖ್ಯೆ ಅಲ್ಲೇ ಇರುತ್ತದೆ.

ಬರಹ ಕಾಣುತ್ತಲೇ ಇಲ್ಲ ಅಂತ ಕೆಲವರು ಗರಿಯನ್ನೇ ಎಸೆದದ್ದುಂಟು. ಓಲೆಗರಿಯ ಮೇಲೆ ಬರೆಯುವುದು ಕಬ್ಬಿಣದ ಕಂಟದಿಂದ ಗೀರಿ. ಆಮೇಲೆ ಕಾಡಿಗೆಯ ಮಸಿ ತಿಕ್ಕಿದರೆ ಗೀರಿನೊಳಗೆ ಕಪ್ಪು ನಿಲ್ಲುತ್ತದೆ. ಕಾಲ ಕಳೆದು ಮಸಿ ಹೋದರೂ ಗೀರು ಹೋಗಿರುವುದಿಲ್ಲ. ಕೋಣೆ ಕತ್ತಲು ಮಾಡಿ ಗರಿಯ ಪಕ್ಕದಿಂದ, ಬಹಳ ತಗ್ಗಿನಲ್ಲಿ ಟಾರ್ಚ್ ಹಿಡಿಯಿರಿ. ಅಕ್ಷರಗಳು ನೆರಳಾಗಿ ಎದ್ದು ಬರುತ್ತವೆ. ಮೊದಲ ಸಲ ಇದನ್ನು ಕಂಡಾಗ ನಾನು ಟಾರ್ಚನ್ನು ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿ ನೋಡಿದ್ದೆ.

ಕಪ್ಪು ಬಟ್ಟೆಯ ಕಡತ ಸಿಕ್ಕಿದರೆ ಇನ್ನೂ ಎಚ್ಚರ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಸೇರಿಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದದ್ದು ಅದು. ಒದ್ದೆ ಬಟ್ಟೆ ತಗಲಿದರೆ ಲೆಕ್ಕವೂ ಹೋಗುತ್ತದೆ, ಇತಿಹಾಸವೂ ಹೋಗುತ್ತದೆ.

ಅದನ್ನ ಓದೋಕೆ ಬರಲ್ಲ. ಯಾವ ಲಿಪಿ ಅಂತಲೂ ಗೊತ್ತಿಲ್ಲ. ಯಾರಿಗೆ ತೋರಿಸೋದು?

ಹಳೆಯ ಕನ್ನಡ ಲಿಪಿ ಇರಬಹುದು, ತಿಗಳಾರಿ, ನಂದಿನಾಗರಿ, ಗ್ರಂಥ ಇರಬಹುದು, ಕಾಗದವಾದರೆ ಮೋಡಿಯೂ ಇರಬಹುದು. ಲಿಪಿಗೂ ಭಾಷೆಗೂ ನೇರ ಸಂಬಂಧವಿಲ್ಲ, ಕನ್ನಡ ಲಿಪಿಯಲ್ಲಿ ಸಂಸ್ಕೃತ ಇರುವುದು ಸಾಮಾನ್ಯ. ನಾಲ್ಕೈದು ಗರಿಗಳ ಸ್ಪಷ್ಟ ಫೋಟೋ ತೆಗೆದುಕೊಂಡು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ವಿಚಾರಿಸಿ. 1891ರಲ್ಲಿ ಶುರುವಾದ ಸಂಸ್ಥೆ ಅದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿಯನ್ನು ಅಲ್ಲಿದ್ದ ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ತಂದುಕೊಟ್ಟ ಕಟ್ಟನ್ನು ಬಿಚ್ಚಿ ಓದುವವರೊಬ್ಬರು ಅಲ್ಲಿದ್ದರು, ಅದರಿಂದ ಆಯಿತು.

ಇನ್ನೊಂದು ಸಂತೋಷದ ಸುದ್ದಿ: ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ಸೇರಿದೆ. ಆ ಗರಿಗಳನ್ನು ಅದೇ ಲಿಪಿಯಲ್ಲಿ ಟೈಪ್ ಮಾಡಿಡುವ ದಾರಿ ತೆರೆದಿದೆ.

ಮೂಲ ಗರಿಯನ್ನು ಸಂಸ್ಥೆಗೆ ಕೊಡುವುದೋ ಬಿಡುವುದೋ ನಿಮ್ಮ ಮನೆಯವರು ಕೂತು ತೀರ್ಮಾನಿಸಿ. ಕೊಡುವುದಾದರೆ ಪೂರ್ತಿ ಫೋಟೋ ತೆಗೆದುಕೊಂಡು, ಎಷ್ಟು ಗರಿ ಎಂದು ಎಣಿಸಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಕೊಡಿ.

## ಅನುಮತಿ, ಮಡಿ, ಹಕ್ಕು

ನಮ್ಮೂರ ನೇಮ ಲೈವ್ ಹಾಕ್ಬಹುದಾ? ಹೊರಗಡೆ ಇರೋ ನಮ್ಮವರು ನೋಡ್ಬೇಕು ಅಂತಾರೆ.

ನೇಮ ಅಂದರೆ ತುಳುನಾಡಿನ ದೈವದ ಉತ್ಸವ. ಅದಕ್ಕೆ ಕೇಳಬೇಕಾದದ್ದು ಮೂರು ಕಡೆ: ಗುತ್ತಿನ ಮನೆಯವರನ್ನು (ಊರಿನ ಯಜಮಾನ ಮನೆತನ), ದೈವದ ಚಾಕರಿಯವರನ್ನು, ಮುಖ್ಯವಾಗಿ ದೈವದ ವೇಷ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದರನ್ನು. ಮೊದಲ ಇಬ್ಬರನ್ನು ಎಲ್ಲರೂ ಕೇಳುತ್ತಾರೆ, ಮೂರನೆಯವರನ್ನು ಕೇಳುವುದು ಮರೆತುಬಿಡುತ್ತಾರೆ. ಮೈಮೇಲೆ ಅಣಿ ಎಂಬ ದೊಡ್ಡ ಅಲಂಕಾರ ಹೊತ್ತು, ಕಾಲಿಗೆ ಗಗ್ಗರ ಕಟ್ಟಿ ನಿಲ್ಲುವವರು ಅವರು.

ಹಲವು ದೈವಸ್ಥಾನಗಳಲ್ಲಿ ಮೊಬೈಲ್ ಎತ್ತಬಾರದು ಅಂತ ಬೋರ್ಡೇ ಹಾಕಿದ್ದಾರೆ. ಅದಕ್ಕೆ ಕಾರಣವಿದೆ. ಆವೇಶದ ಅರ್ಧ ನಿಮಿಷವನ್ನು ಕತ್ತರಿಸಿ, ಸಿನಿಮಾ ಹಾಡು ಸೇರಿಸಿ ರೀಲ್ಸ್ ಮಾಡಿದ್ದನ್ನು ಕಂಡು ನೊಂದವರು ಅವರು. ಬೇಡ ಅಂದರೆ ಅಲ್ಲಿಗೆ ಬಿಡಿ. ಕೆಲವು ಕಡೆ ಮದಿಪು (ದೈವದ ಮುಂದೆ ಹೇಳುವ ಬಿನ್ನಹ), ಪಾಡ್ದನ (ದೈವದ ಕಥೆಯ ಹಾಡು) ಇವುಗಳ ಧ್ವನಿಗೆ ಮಾತ್ರ ಒಪ್ಪುತ್ತಾರೆ, ಕೆಲವು ಕಡೆ ಮನೆತನದವರು ನೋಡಲು ಮಾತ್ರ ಅಂತಾರೆ. ಆ ಷರತ್ತನ್ನು ರೆಕಾರ್ಡಿಂಗಿನ ಜೊತೆಗೇ ಬರೆದಿಡಿ, ಹತ್ತು ವರ್ಷದ ಮೇಲೆ ತೆರೆಯುವ ನಿಮ್ಮ ಮಗನಿಗೂ ತಿಳಿಯಬೇಕಲ್ಲ.

ಗುರುವಿನಿಂದಲೇ ಪಡೀಬೇಕಾದ ಮಂತ್ರ, ಗುಟ್ಟಿನ ಔಷಧ, ಇಂಥವನ್ನ ದಾಖಲಿಸಿದ್ರೆ ತಪ್ಪಲ್ವಾ? ದಾಖಲಿಸದಿದ್ರೆ ಹೋಗಿಬಿಡುತ್ತಲ್ಲ?

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಮೂಡಬಿದಿರೆಯ ಸಿದ್ಧಾಂತ ಬಸದಿಯ ಕಥೆ ಹೇಳುತ್ತೇನೆ. ದಿಗಂಬರ ಜೈನರ ಅತಿ ಹಳೆಯ ಆಗಮ ಷಟ್ಖಂಡಾಗಮ, ಅದಕ್ಕೆ ಬರೆದ ವ್ಯಾಖ್ಯಾನ ಧವಲಾ. ಪ್ರಾಕೃತ ಪ್ರಧಾನವಾದ ಈ ಗ್ರಂಥಗಳು ಹಳೆಗನ್ನಡ ಲಿಪಿಯ ಓಲೆಗರಿಗಳಲ್ಲಿ ಅಲ್ಲಿ ಉಳಿದಿದ್ದವು. ಶತಮಾನಗಳ ಕಾಲ ಭಕ್ತರು ಅದರ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ವರ್ಷಗಟ್ಟಲೆ ಹಿಡಿಯಿತು, ಹೊರಗೆ ಕೊಡಬೇಕೇ ಬೇಡವೇ ಎಂಬ ಜಗಳವೂ ಆಯಿತು. ಅಚ್ಚಾಗಲು ಶುರುವಾದದ್ದು 1939ರಲ್ಲಿ.

ಬಸದಿಯವರು ಅಷ್ಟು ಕಟ್ಟುನಿಟ್ಟಾಗಿ ಕಾಪಾಡಿದ್ದಕ್ಕೇ ಗರಿ ಉಳಿಯಿತು. ಯಾರೋ ನಕಲು ಮಾಡಿದ್ದಕ್ಕೆ ಗ್ರಂಥ ಉಳಿಯಿತು. ಎರಡನ್ನೂ ಒಪ್ಪಿಕೊಂಡು ನಾನು ನಡೆಯುವ ದಾರಿ ಹೀಗೆ: ಬಲ್ಲವರು ಒಪ್ಪಿದರೆ ದಾಖಲಿಸಿ, ಹಂಚಬೇಡಿ. ಯಾರು, ಯಾವಾಗ, ಯಾವ ದೀಕ್ಷೆಯ ಮೇಲೆ ತೆರೆಯಬಹುದು ಎಂದು ಅವರ ಬಾಯಲ್ಲೇ ಹೇಳಿಸಿ ಅದನ್ನೂ ರೆಕಾರ್ಡ್ ಮಾಡಿ. ಒಪ್ಪದಿದ್ದರೆ ಅವರ ಜೊತೆಗೇ ಹೋಗುವ ಹಕ್ಕು ಅದಕ್ಕಿದೆ. ಬರೆಯುವಾಗ ನನಗೆ ಸಂಕಟವೇ, ಆದರೂ ಕದ್ದು ರೆಕಾರ್ಡ್ ಮಾಡುವುದನ್ನು ನಾನು ಒಪ್ಪಲಾರೆ.

ಜನಪದ ಅಂದ್ರೆ ಯಾರದ್ದೂ ಅಲ್ಲ ತಾನೆ? ಹಾಡಿದವರಿಗೆ ಏನ್ ಹಕ್ಕು?

ಹಾಡು ಯಾರದ್ದೂ ಅಲ್ಲದಿರಬಹುದು, ಹಾಡಿದ್ದು ಒಬ್ಬರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಪ್ರದರ್ಶಕರ ಹಕ್ಕು ಎಂಬುದಿದೆ, ಅವಧಿ 50 ವರ್ಷ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ.

ಕಾಯ್ದೆಗಿಂತ ಮೊದಲು ಹೆಸರು. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮುಖ ನೋಡದೆ ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹೆಸರು ನಾಡಿಗೆ ಗೊತ್ತಾಯಿತು. ಅವರಂಥ ಎಷ್ಟೋ ಹೆಂಗಸರ ಹಾಡು ‘ಸಂಗ್ರಹ’ ಎಂಬ ಪದದ ಕೆಳಗೆ ಹೋಗಿವೆ. ಸಂಗ್ರಹಿಸಿದವರ ಹೆಸರಿದೆ, ಹಾಡಿದವರದ್ದಿಲ್ಲ. ನಿಮ್ಮ ಫೈಲಿನಲ್ಲಿ ಅವರ ಹೆಸರು ಮೊದಲು ಬರಲಿ, ನಿಮ್ಮದು ಆಮೇಲೆ. ರೆಕಾರ್ಡಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ. ದುಡ್ಡು ಬಂದರೆ ಪಾಲು ಕೊಡಿ.

## ಇಟ್ಟುಕೊಳ್ಳುವುದು, ಮುಂದಕ್ಕೆ ಒಯ್ಯುವುದು

ಹಾರ್ಡ್‌ಡಿಸ್ಕಲ್ಲಿ ಇಟ್ಟಿದ್ದೀನಿ. ಸೇಫ್ ತಾನೆ?

ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ಹಳ್ಳಿಯ ರೆಕಾರ್ಡಿಂಗ್ ಇದ್ದ ನನ್ನ ಡಿಸ್ಕು ಒಂದು ಬೆಳಿಗ್ಗೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತಿತು. ಅದರಲ್ಲಿದ್ದ ಹಾಡುಗಾರ್ತಿಯರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ. ಅದರಲ್ಲಿ ಒಂದಾದರೂ ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಅಂತ ಇಟ್ಟುಕೊಳ್ಳಿ, ಎಲ್ಲವನ್ನೂ ತೆರೆದು ಕೇಳಿ ನೋಡಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸಿ. ಹಿಂದೆ ಓಲೆಗರಿ ಹಳತಾದರೆ ಹೊಸ ಗರಿಗೆ ನಕಲು ಮಾಡುತ್ತಿದ್ದರಲ್ಲ, ಅದೇ ಕೆಲಸ.

ಅಮೆರಿಕದಲ್ಲಿದ್ದೀವಿ. ಊರಿನ ಪುರೋಹಿತರು ವಿಡಿಯೋ ಕಾಲಲ್ಲಿ ಪೂಜೆ ಮಾಡಿಸ್ತಾರೆ. ನಡೆಯುತ್ತಾ?

ಶಾಸ್ತ್ರದ ತೀರ್ಮಾನ ನಿಮ್ಮ ಮನೆತನದ ಗುರುಗಳದ್ದು. ನಾನು ಹೇಳಬಲ್ಲದ್ದು ಎರಡು. ಹಬ್ಬದ ದಿನ ನಿರ್ಧಾರವಾಗುವುದು ಬಹುಮಟ್ಟಿಗೆ ಸ್ಥಳೀಯ ಸೂರ್ಯೋದಯದ ತಿಥಿಯಿಂದ, ಹಾಗಾಗಿ ಊರಿನ ಪಂಚಾಂಗದ ತಾರೀಕು ನಿಮ್ಮಲ್ಲಿ ಒಂದು ದಿನ ಆಚೀಚೆ ಆಗಬಹುದು. ನಿಮ್ಮ ಊರಿಗೆ ಲೆಕ್ಕ ಹಾಕಿದ ಪಂಚಾಂಗ ನೋಡಿ. ಸಂಕಲ್ಪದಲ್ಲಿ ದೇಶ ಹೇಳುವಾಗಲೂ ಅಲ್ಲಿನ ಅನೇಕ ಪುರೋಹಿತರು ‘ಕ್ರೌಂಚದ್ವೀಪೇ ರಮಣಕವರ್ಷೇ’ ಎಂದು ಬದಲಿಸಿಕೊಂಡಿದ್ದಾರೆ, ಕೇಳಿ ತಿಳಿದುಕೊಳ್ಳಿ. ಆ ಕರೆಯನ್ನು, ಅವರ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿಕೊಳ್ಳಿ. “ಈಗ ಎಡಗಡೆಯ ಅರಿಶಿನದ ಬಟ್ಟಲು ತಗೊಳ್ಳಿ” ಎಂಬ ಅವರ ವಿವರಣೆ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಎಐಗೆ ಕೊಟ್ಟು ಹಾಡನ್ನ ಬರೆಸ್ಬಹುದಾ? ತೀರಿಕೊಂಡ ಅಜ್ಜಿ ದನಿಯಲ್ಲೇ ಹೊಸ ಹಾಡು ಹಾಡಿಸ್ಬಹುದಾ?

ಬರೆಸುವುದಕ್ಕೆ ಕೊಡಿ, ಆದರೆ ಕೂತು ತಿದ್ದಬೇಕು. ಪೇಟೆಯ ಮಾತನ್ನು ಅದು ಚೆನ್ನಾಗಿಯೇ ಬರೆದುಕೊಡುತ್ತದೆ. ಹಾಡು, ಅದರಲ್ಲೂ ಚಾಮರಾಜನಗರದ ಅಥವಾ ಕಲಬುರಗಿಯ ಮಾತಿನ ಹಾಡು ಕೊಟ್ಟರೆ ತನಗೆ ಗೊತ್ತಿರುವ ಪದವನ್ನು ತಂದು ತುಂಬುತ್ತದೆ. ತುಂಬಿದ್ದು ಎಷ್ಟು ಸಲೀಸಾಗಿ ಇರುತ್ತದೆಂದರೆ, ಮೂಲ ಕೇಳದವರಿಗೆ ಅನುಮಾನವೇ ಬರುವುದಿಲ್ಲ.

ಎರಡನೆಯದ್ದಕ್ಕೆ ನನ್ನ ಉತ್ತರ ಬೇಡ ಎಂದೇ. ಅಜ್ಜಿ ಒಪ್ಪಿದ್ದು ತಾನು ಹಾಡಿದ ಹಾಡಿಗೆ. ಹಾಡದೇ ಇದ್ದದ್ದನ್ನು ಅವರ ದನಿಯಲ್ಲಿ ಹಾಡಿಸಿ ಇಟ್ಟರೆ ಮುಂದಿನ ತಲೆಮಾರಿಗೆ ಯಾವುದು ಅವರದ್ದು, ಯಾವುದು ಯಂತ್ರದ್ದು ಅಂತ ಬೇರ್ಪಡಿಸಲು ಆಗುವುದಿಲ್ಲ.

ಇಷ್ಟೆಲ್ಲಾ ರೆಕಾರ್ಡ್ ಮಾಡಿಟ್ರೆ ಸಂಪ್ರದಾಯ ಉಳೀತು ಅಂದ್ಕೋಬಹುದಾ?

ರೆಕಾರ್ಡಿಂಗ್ ಉಳಿಯಿತು ಅಂದುಕೊಳ್ಳಬಹುದು. ಅದನ್ನು ಯಾರಾದರೂ ಎತ್ತಿಕೊಂಡು ಹಾಡಬೇಕು, ಅದಕ್ಕೆ ಸಂದರ್ಭ ಬೇಕು.

ರಾಗಿಕಲ್ಲು ತಂದ ಆ ಮನೆಯಲ್ಲಿ ಹೋದ ವರ್ಷ ಮದುವೆ. ಆ ತಾಯಿಯ ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಕಳಿಸಿದ್ದ ಹಸೆ ಹಾಡನ್ನು ಒಂದು ತಿಂಗಳು ಮೆಟ್ರೋದಲ್ಲಿ ಕಿವಿಗೆ ಹಾಕಿಕೊಂಡು ಕಲಿತಿದ್ದಳಂತೆ. ಹಸೆಯ ಮುಂದೆ ನಿಂತು ಶುರು ಮಾಡಿದಳು. ಎರಡು ನುಡಿ ಸರಾಗವಾಗಿ ಬಂತು, ಮೂರನೆಯದಕ್ಕೆ ನಾಲಿಗೆ ತಡೆಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಂದೆ ಗೋಡೆಗೆ ಒರಗಿದ್ದ ಅಜ್ಜಿ, ಕಣ್ಣು ಮುಚ್ಚಿಕೊಂಡೇ ಮುಂದಿನ ಸಾಲು ಎತ್ತಿಕೊಟ್ಟರು.